ಉಡಿದಾರ ಮತ್ತು ಬೆನ್ನಿಲ್ಲದ ಕುರ್ಚಿ

ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದರಲ್ಲಿ ಹೆಚ್ಚಿನ ಭಾಗವನ್ನು ತಲೆಕೆಳಗಾಗಿ ಕಂಡೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದವನು ನಾನು. ಬೇರೆಯವರ ಸಾಕ್ಷಿಯನ್ನು ಟೈಪು ಮಾಡುವುದೇ ನನ್ನ ಕೆಲಸವಾಗಿತ್ತು. "ಆಗ ನೀವು ಎಲ್ಲಿ ನಿಂತಿದ್ದಿರಿ?" ಎಂದು ವಕೀಲರು ಕೇಳಿದೊಡನೆ ಸಾಕ್ಷಿಗಳು ತಡಬಡಾಯಿಸುವುದನ್ನು ನೋಡಿ, ಇಷ್ಟು ಸುಲಭದ ಪ್ರಶ್ನೆಗೆ ಇವರೇಕೆ ಬೆವರುತ್ತಾರೆ ಎಂದುಕೊಳ್ಳುತ್ತಿದ್ದೆ. ಈಗ ಯಾರಾದರೂ ನನ್ನನ್ನು ಅದೇ ಪ್ರಶ್ನೆ ಕೇಳಿದರೆ ನಾನೂ ಬೆವರುತ್ತೇನೆ. ನಾನು ನಿಂತಿರಲಿಲ್ಲ. ಕೂತಿರಲಿಲ್ಲ. ಮಲಗಿದ್ದೆ ಎಂದೂ ಹೇಳಲಾಗದು. ಒಂದು ಕುರ್ಚಿಯೊಳಗೆ ಇದ್ದೆ.

ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ, ನಾನೂ ನನ್ನ ಹೆಂಡತಿಯೂ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಮನೆಯ ಯಜಮಾನರ ಸಂಸಾರ. ಇಲ್ಲೆಲ್ಲ ಹೊಲವಿದ್ದ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಮನೆತನ ಅದು. ಈಗ ಅವರು ಶಾಮಿಯಾನ, ಅಡುಗೆ ಪಾತ್ರೆ, ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಜೆ.ಪಿ. ನಗರದಿಂದ ಅರೆಕೆರೆಯವರೆಗೆ ಯಾರ ಮನೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಜನ ಕೂರುವುದು ಹೆಚ್ಚಾಗಿ ನಮ್ಮ ಯಜಮಾನರ ಕುರ್ಚಿಗಳ ಮೇಲೆ. ಊರಿಗೆಲ್ಲ ಕುರ್ಚಿ ಕಳಿಸುವ ಈ ಮನುಷ್ಯನ ತಾಯಿ ಮಾತ್ರ ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕೂತವರಲ್ಲ.

ಅಜ್ಜಿಯ ಜಾಗ ಗೇಟಿನ ಪಕ್ಕದ ನೆಲ. ಒಂದು ಗೋಣಿಚೀಲ ಹಾಸಿಕೊಂಡು, ಮುಂದೆ ಮೊರ ಇಟ್ಟುಕೊಂಡು, ಸೊಪ್ಪು ಸೋಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಕೂತರೆ ಆ ಓಣಿಗೆ ಬೇರೆ ಕಾವಲು ಬೇಡ. ಗ್ಯಾಸ್ ಸಿಲಿಂಡರ್ ತರುವವನು, ಕೊರಿಯರ್‌ನವನು, ಮನೆ ಬಾಡಿಗೆಗಿದೆಯೇ ಎಂದು ಕೇಳಿಕೊಂಡು ಬರುವ ಹೊಸ ದಂಪತಿ, ಯಾರೇ ಆಗಲಿ ಅಜ್ಜಿಗೆ ತಮ್ಮ ಊರು ಯಾವುದು, ಬೆಳಿಗ್ಗೆ ಏನು ತಿಂದರು ಎಂದು ಹೇಳದೆ ಒಳಗೆ ಬರುವಂತಿರಲಿಲ್ಲ. ನನ್ನನ್ನು ಅವರು ಮೇಷ್ಟ್ರೆ ಎಂದು ಕರೆಯುತ್ತಿದ್ದರು. ನಾನು ಮೇಷ್ಟ್ರಲ್ಲ ಎಂದು ಹಲವು ಸಲ ಹೇಳಿದ್ದೇನೆ. ಅವರ ಲೆಕ್ಕದಲ್ಲಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಮಾತಾಡುವವರೆಲ್ಲ ಮೇಷ್ಟ್ರು.

ಆಮೇಲೆ ಮಂಡಿ ಕೈಕೊಟ್ಟಿತು. ನೆಲದ ಮೇಲೆ ಕೂತರೆ ಏಳಲಾಗದು. ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ ಹಿಡಿದು ಎತ್ತಬೇಕು. ಒಂದು ದಿನ ಯಾರನ್ನೂ ಕರೆಯದೆ ತಾವೇ ಏಳಲು ಹೋಗಿ ಗೇಟಿಗೆ ಹಣೆ ಹೊಡೆದುಕೊಂಡರು. ಡಾಕ್ಟರು, ಇನ್ನು ನೆಲ ಕೂಡದು, ಕುರ್ಚಿಯ ಮೇಲೆ ಕೂರಬೇಕು ಎಂದರು. ಯಜಮಾನರು ಆ ಸಂಜೆಯೇ ಗೇಟಿನ ಪಕ್ಕ ಮೆತ್ತೆ ಹಾಕಿದ ಒಂದು ಕುರ್ಚಿ ಇಟ್ಟರು. ಅಜ್ಜಿ ಅದರ ಮೇಲೆ ಸೊಪ್ಪಿನ ಮೊರ ಇಟ್ಟು, ತಾವು ಅದರ ಪಕ್ಕ ನೆಲದ ಮೇಲೆ ಕೂತರು.

"ಅವ್ವ, ಮೊರಕ್ಕೆ ಮಂಡಿ ನೋವಿಲ್ಲ," ಎಂದರು ಯಜಮಾನರು.

"ನಂಗೆ ನಾಚ್ಕೆ ಆಯ್ತದೆ ಕಣ್ಲಾ. ಕುರ್ಚಿ ಅಂದ್ರೆ ನಮ್ಮಾವ ಕುಂತಿದ್ದ ವಸ್ತು. ಸೊಸೆ ಆದೋಳು ಅದ್ರ ಮೇಲೆ ಕುಂತ್ಕಂಡು ಕಾಲು ನೇತಾಡಿಸ್ತಾಳಾ?"

"ತಾತ ಹೋಗಿ ಎಷ್ಟು ಕಾಲ ಆಯ್ತು ಅವ್ವ!"

"ಹೋದ್ರೇನಾಯ್ತು? ನೋಡ್ತಿರಾಕಿಲ್ವಾ?"

 ಯಜಮಾನರು ಹಣೆಯ ಗಾಯ ನೋಡಿ ಹೆದರಿದ್ದರು. ಗೇಟಿಗೆ ಬಂದರೆ ಕುರ್ಚಿಯಲ್ಲಿ ಕೂರಬೇಕು, ಇಲ್ಲವೆ ಒಳಗೆ ಮಂಚದ ಮೇಲಿರಬೇಕು ಎಂದು ಹಟ ಹಿಡಿದರು. ಅಜ್ಜಿ ಮಂಚವನ್ನೇ ಆರಿಸಿಕೊಂಡರು. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಓಣಿಯಲ್ಲಿ ಸೊಪ್ಪಿನವಳು ಕೂಗಿದರೆ ಅಜ್ಜಿ ಒಳಗಿನಿಂದಲೇ ಊರು ಕೇಳುವಂತೆ ಚೌಕಾಸಿ ಮಾಡುತ್ತಿದ್ದರು. ಕೆಲವು ದಿನಗಳ ಮೇಲೆ ಅದೂ ನಿಂತಿತು. ಅವರು ಮಾತು ಕಡಿಮೆ ಮಾಡಿದ್ದು ಮಹಡಿಯ ಮೇಲಿದ್ದ ನಮಗೂ ಗೊತ್ತಾಯಿತು. ಗೇಟು ತೆರೆದ ಸದ್ದಾದರೆ, "ಯಾರದು?" ಎಂಬ ದನಿ ಬರುತ್ತಿರಲಿಲ್ಲ. ನನ್ನ ಹೆಂಡತಿ ಒಂದು ದಿನ, "ಬೈಸ್ಕೊಳ್ದೆ ಗೇಟು ದಾಟೋಕೆ ಹೆದರಿಕೆ ಆಗುತ್ತೆ ಕಣ್ರೀ," ಎಂದಳು.

ಯಜಮಾನರಿಗೆ ಯೋಗ ತರಗತಿಯ ಉಪಾಯ ಹೊಳೆದದ್ದು ಆಗ. ಕುರ್ಚಿ ಇಟ್ಟುಕೊಂಡು ಯೋಗ ಕಲಿಸುತ್ತಾರಂತೆ, ಬೆನ್ನು ನೋವು, ಮಂಡಿ ನೋವು ಇರುವವರಿಗೆ ಒಳ್ಳೆಯದಂತೆ ಎಂದು ಎಲ್ಲೋ ಕೇಳಿ ಬಂದಿದ್ದರು.

"ಮನೆ ಹಿಂದಿನ ಗೋಡೌನಲ್ಲೇ ಕ್ಲಾಸ್ ಇಡಿಸ್ತೀನಿ ಸಾರ್," ಎಂದು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಪಿಸುಗುಟ್ಟಿದರು. "ನಾಲ್ಕು ಜನ ದೊಡ್ಡೋರು ಕುರ್ಚಿ ಮೇಲೆ ಕೂತಿದ್ದು ನೋಡಿದ್ರೆ ಅವ್ವನಿಗೂ ನಾಚಿಕೆ ಬಿಟ್ಟೋಗುತ್ತೆ. ನೀವು ಬರ್ಬೇಕು. ಯೋಗ ಬರದಿದ್ರೂ ಪರ್ವಾಗಿಲ್ಲ, ಕೂತ್ಕೊಳಿ ಸಾಕು."

ಕೂರುವುದರಲ್ಲಿ ನನಗೆ ದೀರ್ಘ ಅನುಭವವಿತ್ತು. ನನ್ನ ಹೆಂಡತಿ ನನ್ನ ಪರವಾಗಿ ಒಪ್ಪಿಗೆ ಕೊಟ್ಟಳು. "ಕೋರ್ಟಲ್ಲಿ ಕೂತು ಕೂತೇ ಬೆನ್ನು ಹಾಳಾಯ್ತು ಅಂತೀರಲ್ಲ, ಕೂತೇ ಸರಿ ಮಾಡ್ಕೊಳಿ."

ಕಲಿಸಲು ಬಂದವರು ಬಾಗಲಕೋಟೆ ಕಡೆಯ ಹುಡುಗಿ. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ, ಹಗಲು ಯಾವುದೋ ಆಫೀಸಿನಲ್ಲಿ ಕೆಲಸ, ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಯೋಗ. ನಾವೆಲ್ಲ ಟೀಚರ್ ಎನ್ನುತ್ತಿದ್ದೆವು. ಅವರು ಗೋಡೌನಿನ ಕಬ್ಬಿಣದ ಮಡಿಚು ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ, ಅಲ್ಲಾಡಿಸಿ ನೋಡಿ, "ಇವು ಛಲೋ ಅದಾವ್ರಿ. ಆದ್ರ ಬೆನ್ನಿನ ತಗಡು ತೆಗಸ್ರಿ," ಎಂದರು.

ಯಜಮಾನರು ನೊಂದುಕೊಂಡರು. "ಬೆನ್ನಿಲ್ಲದ ಕುರ್ಚಿನ ಆಮೇಲೆ ಯಾರ್ ಮೇಡಂ ಬಾಡಿಗೆಗೆ ತಗೋತಾರೆ?"

"ಆ ಕಿಂಡಿಯೊಳಗ ಕಾಲು ಹಾಕಬೇಕ್ರಿ."

"ಕಾಲಾ? ಹಿಂದಗಡೆಯಿಂದಾನಾ?" ಯಜಮಾನರು ಕುರ್ಚಿಯನ್ನೂ ನನ್ನನ್ನೂ ಮತ್ತೊಮ್ಮೆ ಅಳೆಯುವವರಂತೆ ನೋಡಿದರು. ಆದರೂ ತಾಯಿಗಾಗಿ ಒಪ್ಪಿ, ವೆಲ್ಡಿಂಗ್ ಅಂಗಡಿಗೆ ಕಳಿಸಿ, ತಗಡುಗಳನ್ನು ಕತ್ತರಿಸಿ ತೆಗೆಸಿದರು. ಕುರ್ಚಿಗಳು ಕಿಟಕಿ ಕಿತ್ತ ಮನೆಗಳಂತೆ ಹಿಂದಿರುಗಿ ಬಂದವು. ಅವುಗಳಲ್ಲೊಂದರ ಬಲಗಡೆಯ ಕಂಬಿಯಲ್ಲಿ, ತಗಡು ಕತ್ತರಿಸಿದ ಕಡೆ, ಬೆರಳಿನ ಉಗುರಿನಷ್ಟು ಕಬ್ಬಿಣ ಉಳಿದು ಕೊಕ್ಕೆಯಂತೆ ಬಾಗಿತ್ತು. ಅದನ್ನು ಯಾರೂ ನೋಡಲಿಲ್ಲ. ಮೊದಲ ದಿನವೇ ನಾನು ಆ ಕುರ್ಚಿಯನ್ನು ಆರಿಸಿಕೊಂಡೆ. ಅದು ಫ್ಯಾನಿನ ಕೆಳಗಿತ್ತು.

ಆಯುಧಪೂಜೆ ಆಗಷ್ಟೇ ಕಳೆದಿತ್ತು. ಶಾಮಿಯಾನದ ಮನೆಯಲ್ಲಿ ಕುರ್ಚಿಯೇ ಆಯುಧ. ಹಾಗಾಗಿ ಕುರ್ಚಿಗಳಿಗೆಲ್ಲ ವಿಭೂತಿ, ಅರಿಶಿನ, ಕುಂಕುಮ ಹಚ್ಚಿದ್ದರು. ಬೆಳಿಗ್ಗೆ ಟೀಚರ್ ಅಜ್ಜಿಯನ್ನು ಕರೆದು, "ಬರ್ರಿ ಅಜ್ಜಿ, ನೀವೂ ಒಂದ್ರ ಮ್ಯಾಲ ಕೂಡ್ರಿ," ಎಂದರೆ, ಅಜ್ಜಿಗೆ ಹೊಸ ಕಾರಣ ಸಿದ್ಧವಾಗಿತ್ತು.

"ಪೂಜೆ ಮಾಡಿದ್ದರ ಮೇಲೆ ಯಾರಾದ್ರೂ ಕುಂತ್ಕತಾರಾ ಮಗ? ನೀವು ಕುಂತ್ಕಳಿ. ನಿಮ್ಮ ಪಾಪ ನಿಮಗೆ."

ಅವರು ಮಡಿಸಿ ಪೇರಿಸಿದ್ದ ಶಾಮಿಯಾನ ಬಟ್ಟೆಯ ರಾಶಿಯ ಮೇಲೆ ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ ಕೂರುತ್ತಿದ್ದರು. ಮಂಚದ ಕೋಣೆಗಿಂತ ಗೋಡೌನು ವಾಸಿ ಎಂದು ಬರುತ್ತಿದ್ದರು ಅಷ್ಟೆ. ಆ ರಾಶಿಯಿಂದ ಏಳಿಸಲೂ ಇಬ್ಬರು ಬೇಕು.

ಟೀಚರಿಗೆ ಕುರ್ಚಿಯ ಬಗ್ಗೆ ಬಹಳ ಗೊತ್ತಿತ್ತು. ನಾವು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಪಕ್ಕಕ್ಕೆ ತಿರುಗಿ ಉಸಿರು ಬಿಡುತ್ತಿರುವಾಗ, ಬೇಸರ ಬಾರದಿರಲೆಂದು ಹೇಳುತ್ತಿದ್ದರು.

"ಹಿಂದಕ ಮಂದಿಗೆಲ್ಲಾ ಕುರ್ಚಿ ಇರಲಿಲ್ರಿ. ರಾಜಗ ಒಂದು, ದೇವರಿಗೆ ಒಂದು. ಈಜಿಪ್ತದಾಗ ರಾಜ ಸತ್ತ ಮ್ಯಾಲೂ ಗೋರಿಯೊಳಗ ಕುರ್ಚಿ ಇಡತಿದ್ರಂತ."

"ಸತ್ತ ಮೇಲೂ ಕುಂತ್ಕಬೇಕಾ?" ಬಟ್ಟೆಯ ರಾಶಿಯಿಂದ ಅಜ್ಜಿಯ ದನಿ. "ಆಗಾದ್ರೂ ಮಲಗಕ್ಕೆ ಬುಡಬಾರದಾ?"

"ನಮ್ಮ ಹಳೇ ಆಸನ ಎಲ್ಲಾ ನೆಲದ ಮ್ಯಾಲಿನವು ಅಜ್ಜಿ. ನೆಲಕ್ಕ ಇಳಿಯಾಕ ಆಗಲಾರದವ್ರಿಗೆ ಅಂತ ಆಮ್ಯಾಲೆ ಕುರ್ಚಿ ಬಂತು. ಕುರ್ಚಿ ಅಂದ್ರ ಏನು? ಒಂದೀಟು ಎತ್ತರಕ್ಕ ಬಂದಿರೋ ನೆಲ, ಅಷ್ಟ."

 ಟೀಚರ್ ನಮ್ಮನ್ನು ಎಬ್ಬಿಸಿ, ಮಂಡಿ ಬಗ್ಗಿಸಿ, ಕಾಣದ ಕುರ್ಚಿಯ ಮೇಲೆ ಕೂತಂತೆ ನಿಲ್ಲಿಸಿದಾಗ, "ಇರೋ ಕುರ್ಚಿ ಬುಟ್ಟು ಇಲ್ಲದ ಕುರ್ಚಿ ಮೇಲೆ ಕುಂತವ್ರೆ, ನನ್ನ ಬೈತಾರೆ!" ಎಂದು ಅಜ್ಜಿ ಗೆದ್ದವರಂತೆ ನಕ್ಕರು.

ನನಗೆ ನನ್ನದೇ ಕುರ್ಚಿಗಳ ನೆನಪಾಗುತ್ತಿತ್ತು. ನಾನು ಬೆಳೆದ ಜಯನಗರದ ಮನೆಯಲ್ಲಿ ಮಣೆ, ಚಾಪೆ, ಒಂದು ಬೆತ್ತದ ಕುರ್ಚಿ ಇದ್ದವು. ಬೆತ್ತದ ಕುರ್ಚಿ ಬಂದವರಿಗೆ. ಯಾರೂ ಬಾರದ ದಿನ ಅದರ ಮೇಲೆ ಒಗೆದ ಬಟ್ಟೆ ಕೂರುತ್ತಿತ್ತು, ನಾವಲ್ಲ. ಕೋರ್ಟಿಗೆ ಸೇರಿದಾಗ ಕುರ್ಚಿಗಳಲ್ಲಿ ಎಷ್ಟು ಜಾತಿಗಳಿವೆ ಎಂದು ತಿಳಿಯಿತು. ನ್ಯಾಯಾಧೀಶರದು ತಲೆಗಿಂತ ಎತ್ತರದ ಬೆನ್ನಿನ ಕುರ್ಚಿ. ವಕೀಲರದು ಕೈಯಿರುವ ಕುರ್ಚಿ. ನನ್ನದು ಕೈಯಿಲ್ಲದ್ದು, ಟೈಪು ಮಾಡುವವನಿಗೆ ತನ್ನ ಕೈಗಳೇ ಸಾಕು ಎಂದು. ಸಾಕ್ಷಿಗೆ ಮಾತ್ರ ಕುರ್ಚಿ ಇರಲಿಲ್ಲ. ನಿಜ ಹೇಳಬೇಕಾದವನು ಕಟಕಟೆಯಲ್ಲಿ ನಿಂತೇ ಹೇಳಬೇಕು. ಬೆನ್ನೇ ಇಲ್ಲದ ಕುರ್ಚಿ ಜರಗನಹಳ್ಳಿಯಲ್ಲಿ ನನಗಾಗಿ ಕಾದಿತ್ತು.

ಅದೊಂದು ಮಂಗಳವಾರದ ಬೆಳಿಗ್ಗೆ. ಹಿಂದಕ್ಕೆ ಬಾಗುವ ಆಸನವನ್ನು ಟೀಚರ್ ಮೊದಲ ಸಲ ಹೇಳಿಕೊಟ್ಟರು. ಏನು ಮಾಡಿದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಕುರ್ಚಿಯ ಹಿಂಬದಿಗೆ ಮುಖ ಮಾಡಿ ಕೂತು, ತಗಡಿಲ್ಲದ ಕಿಂಡಿಯೊಳಗೆ ಎರಡೂ ಕಾಲು ತೂರಿಸಿದೆ. ಪಕ್ಕದ ಕಂಬಿಗಳನ್ನು ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ಒರಗಿದೆ. ಬೆನ್ನು ಸೀಟಿನ ಮೇಲೆ ಬಂತು. ಇನ್ನೂ ಸ್ವಲ್ಪ ಜಾರಿದೆ. ಭುಜ ಸೀಟಿನ ಅಂಚು ದಾಟಿತು, ತಲೆ ಗಾಳಿಯಲ್ಲಿ ಜೋತುಬಿತ್ತು. ಈ ಜಾರುವಿಕೆಯಲ್ಲಿ ಅಂಗಿ ಮೇಲಕ್ಕೆ ಸರಿಯಿತು. ಅದನ್ನು ನಾನು ಆಗ ಮುಖ್ಯವೆಂದು ಭಾವಿಸಲಿಲ್ಲ.

ಸುಖವಾಗಿತ್ತು ಎಂಬುದನ್ನು ಮರೆಮಾಚುವುದಿಲ್ಲ. ಎಷ್ಟೋ ವರ್ಷಗಳಿಂದ ಟೈಪು ಯಂತ್ರದ ಮೇಲೆ ಬಾಗಿದ್ದ ಬೆನ್ನು ಮೊದಲ ಬಾರಿಗೆ ಇನ್ನೊಂದು ಕಡೆಗೂ ಬಾಗಬಹುದು ಎಂದು ಕಂಡುಕೊಂಡಿತು. ಲೋಕ ತಲೆಕೆಳಗಾಗಿತ್ತು. ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು ಬಾವಲಿಗಳಂತೆ ನೇತಾಡುತ್ತಿದ್ದವು. ಅಜ್ಜಿ ಬಟ್ಟೆಯ ರಾಶಿಯ ಕೆಳಗೆ ಅಂಟಿಕೊಂಡಿದ್ದರು.

"ಸಾವಕಾಶ ಏಳ್ರಿ ಸರ," ಎಂದರು ಟೀಚರ್.

ಪ್ರಯತ್ನಿಸಿದೆ. ಯಾರೋ ಸೊಂಟ ಹಿಡಿದು ಕೂರಿಸಿದಂತಾಯಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಕುರ್ಚಿಯೂ ನನ್ನ ಜೊತೆ ಏಳಲು ನೋಡಿತು.

"ಏಳ್ತಾ ಇಲ್ಲ," ಎಂದೆ.

ಟೀಚರ್ ಬಗ್ಗಿ ನನ್ನ ಬಲ ಸೊಂಟದ ಕೆಳಗೆ ಕೈ ತೂರಿಸಿ ತಡವಿದರು. "ಒಂದು ದಾರ ಸಿಕ್ಕೈತ್ರಿ. ಕರೀ ದಾರ. ಕಂಬೀಗೆ ಕೊಕ್ಕಿ ಐತಿ, ಅದಕ್ಕ."

ಅದು ನನ್ನ ಉಡಿದಾರ. ಸೊಂಟಕ್ಕೆ ಕಟ್ಟುವ ಕಪ್ಪು ದಾರ, ತಾಯಿ ಮಗುವಿಗೆ ಕಟ್ಟಿದಲ್ಲಿಂದ ಗಂಡಸಿನ ಮೈಮೇಲೆ ಇರುವಂಥದ್ದು. ದೀಪಾವಳಿಗೆಂದು ನನ್ನ ಹೆಂಡತಿ ಹೊಸದಾಗಿ ದಪ್ಪದ್ದನ್ನು ತಂದು ಕಟ್ಟಿಸಿದ್ದಳು. ಅದನ್ನು ಬಿಡಿಸಲು ನಾನು ಕಾಲಿನ ಕಡೆಗೆ ಸರಿಯಬೇಕಿತ್ತು. ಸರಿದೆ. ಕುರ್ಚಿ ಕಿರ್ರೆಂದು ಮಡಿಚಿಕೊಳ್ಳತೊಡಗಿತು. ಅದು ಮಡಿಚು ಕುರ್ಚಿ ಎಂಬುದು ಆಗ ನಮ್ಮೆಲ್ಲರಿಗೂ ಒಟ್ಟಿಗೆ ನೆನಪಾಯಿತು. ಯಜಮಾನರು ಓಡಿ ಬಂದು ಅದರ ಕಾಲುಗಳನ್ನು ಅಪ್ಪಿ ಹಿಡಿದರು.

"ಯಾರೂ ಎಳೀಬ್ಯಾಡ್ರಿ! ನಡಾ ಹಿಡದ್ರ ಕಷ್ಟ," ಎಂದರು ಟೀಚರ್. "ಒಂದು ಕತ್ರಿ ಕೊಡ್ರಿ. ದಾರ ಕತ್ತರಿಸಿದ್ರ ಮುಗೀತು."

"ಕತ್ರಿ ಮುಟ್ಟಿದ್ರೆ ನೋಡಿ!"

ಇದು ಅಜ್ಜಿ. ಗೇಟಿನ ಪಕ್ಕ ಕೂರುತ್ತಿದ್ದ ಕಾಲದ ದನಿ. ಬಹಳ ದಿನಗಳ ಮೇಲೆ ಕೇಳಿದೆ. "ಬದುಕಿರೋ ಗಂಡಸಿನ ಉಡಿದಾರ ಕಡೀತಾರಾ? ಕಡಿಯೋದು ಸೌದೆ ಮೇಲೆ ಮಲಗಿಸ್ದಾಗ!"

ಅದು ನಿಜ. ಹಳೆಯ ಉಡಿದಾರ ತೆಗೆಯಬೇಕಾದರೆ ಮೊದಲು ಹೊಸದನ್ನು ಕಟ್ಟಿಕೊಳ್ಳಬೇಕು. ಬದುಕಿರುವವನ ಸೊಂಟ ಗಳಿಗೆಯ ಮಟ್ಟಿಗೂ ಬರಿದಾಗಬಾರದು. ಟೀಚರ್ ಕೂಡ ಕೈ ಹಿಂದಕ್ಕೆ ತೆಗೆದುಕೊಂಡರು. "ನಮ್ಮ ಕಡೀಗೂ ಹಂಗ ಐತ್ರಿ," ಎಂದರು ಸಣ್ಣ ದನಿಯಲ್ಲಿ. ಅಷ್ಟರಲ್ಲಿ ಯಾರೋ ಕೂಗಿ ಹೇಳಿ ನನ್ನ ಹೆಂಡತಿ ಮಹಡಿಯಿಂದ ಇಳಿದು ಬಂದಳು. ಕಿಂಡಿಯಿಂದ ಹೊರಬಂದಿದ್ದ ನನ್ನ ಕಾಲುಗಳನ್ನು ಮೊದಲು ನೋಡಿ, ಆಮೇಲೆ ಸುತ್ತು ಹಾಕಿ ಬಂದು ಮುಖ ನೋಡಿದಳು.

"ಕೂತ್ಕೊಳಿ ಅಂತ ಕಳಿಸಿದ್ರೆ ಇದೇನ್ರೀ?"

ಯಜಮಾನರು ಕುರ್ಚಿಯ ಕಾಲು ಬಿಡದೆಯೇ, "ನಂದು ಬಿಚ್ಕೊಡ್ಲಾ ಸಾರ್?" ಎಂದರು.

"ಬಿಚ್ಕೊಟ್ಟು ನೀನು ಬರೀ ಸೊಂಟದಲ್ಲಿ ನಿಂತ್ಕತೀಯೇನ್ಲಾ?" ಎಂದರು ಅಜ್ಜಿ.

"ಶಾಮಿಯಾನದ ಹಗ್ಗ ಐತಲ್ಲವ್ವ."

"ಅವ್ರನ್ನೇನು ಚಪ್ಪರಕ್ಕೆ ಏರಿಸ್ತೀಯಾ?"

ಕೊನೆಗೆ, ತರಗತಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಎದುರು ಮನೆಯ ಬೇಕರಿಯವರು ಹೊಸ ಉಡಿದಾರ ತರಲು ಸ್ಕೂಟರ್ ಹತ್ತಿದರು. ಆ ಹೊತ್ತಿಗೆ ನಮ್ಮ ಕಡೆಯ ಅಂಗಡಿ ತೆರೆದಿರುವುದಿಲ್ಲ. ಬನಶಂಕರಿ ದೇವಸ್ಥಾನದ ಮುಂದೆ ಪೂಜೆ ಸಾಮಾನಿನವರು ಬೇಗ ಬರುತ್ತಾರೆ, ಅಲ್ಲಿಗೇ ಹೋಗಬೇಕು. ಅಲ್ಲಿಯವರೆಗೆ ನಾನು ಹಾಗೆಯೇ ಇರಬೇಕು.

ತೊಂದರೆ ನನ್ನ ತಲೆಯದು. ಅದು ನೇತಾಡುತ್ತಿತ್ತು, ಮುಖಕ್ಕೆ ರಕ್ತವೆಲ್ಲ ಇಳಿದು ಕಿವಿ ಗುಂಯ್‌ಗುಡುತ್ತಿತ್ತು. ಟೀಚರ್ ಸೊಂಟದ ಹತ್ತಿರ ದಾರ ಬಿಗಿಯದಂತೆ ಹಿಡಿದಿದ್ದರು. ಯಜಮಾನರು ಕುರ್ಚಿ ಹಿಡಿದಿದ್ದರು. ಹೆಂಡತಿ ನನ್ನ ಕಾಲುಗಳನ್ನು ಹಿಡಿದಿದ್ದಳು, ಏಕೆಂದು ಗೊತ್ತಿಲ್ಲ. ತರಗತಿಯ ಉಳಿದವರು ತಲೆಯೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹಿಡಿದಿದ್ದರು.

"ಅಯ್ಯೋ, ತಲೆ ಹಿಡ್ಕಳ್ರೋ! ಎಳೆಗೂಸಿನ ತಲೆ ಬುಟ್ಟಂಗೆ ಬುಟ್ಟವ್ರಲ್ಲ! ನನ್ನ ಎತ್ರೋ ಯಾರಾದ್ರೂ!"

ಇಬ್ಬರು ಹೋಗಿ ಅಜ್ಜಿಯನ್ನು ಎತ್ತಿದರು. ಮುಂದೆ ನಡೆದದ್ದನ್ನು ನಾನು ಎಲ್ಲರಿಗಿಂತ ಹತ್ತಿರದಿಂದ, ಎಲ್ಲರಿಗಿಂತ ಕೆಳಗಿನಿಂದ ನೋಡಿದೆ. ಹಸಿರು ಸೀರೆಯ ಅಂಚು ಮೇಲಿನಿಂದ ನನ್ನ ಕಡೆಗೆ ನಡೆದು ಬಂತು. ನನ್ನ ತಲೆಯ ಹತ್ತಿರ ಬೇಕರಿಯವರ ಖಾಲಿ ಕುರ್ಚಿ ಇತ್ತು. ಅಜ್ಜಿ ಕಾಲಿನಿಂದ ಅದನ್ನು ಸರಿಸಿಕೊಂಡರು. ಸೆರಗು ಸಿಕ್ಕಿಸಿದರು. ಕುರ್ಚಿಯ ಮೇಲೆ ಕೂತರು. ಎರಡು ಕೈಯಿಂದ ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

 ಯಜಮಾನರ ಬಾಯಿ ತೆರೆಯಿತು. ತಲೆಕೆಳಗಾಗಿ ನೋಡಿದರೆ ಅದು ಹಣೆಯಲ್ಲಿದ್ದಂತೆ ಕಂಡಿತು. ಟೀಚರ್ ಅವರಿಗೆ ಕಣ್ಣಿನಲ್ಲೇ, ಸುಮ್ಮನಿರಿ ಎಂದರು. ನನ್ನ ಹೆಂಡತಿ ನನ್ನ ಕಾಲಿನ ಹೆಬ್ಬೆರಳನ್ನು ಜೋರಾಗಿ ಚಿವುಟಿದಳು. ನಾನು ಉಸಿರಾಡಲೂ ಹೆದರಿದೆ. ತಲೆ ಅಲುಗಿದರೆ ಅಜ್ಜಿಗೆ ತಾವೆಲ್ಲಿದ್ದೇವೆ ಎಂದು ತಿಳಿದುಬಿಟ್ಟರೆ?

ಅವರಿಗೆ ತಿಳಿದಿರಲಿಲ್ಲ. ಬೈಯುವುದರಲ್ಲಿ ಮುಳುಗಿದ್ದರು. ಉಡಿದಾರವನ್ನು ಬಿಗಿಯಾಗಿ ಕಟ್ಟಿಕೊಳ್ಳಬಾರದೇ ಎಂದು ನನಗೆ, ಗಂಡನ ಸೊಂಟದ ಮೇಲೆ ಗಮನವಿಲ್ಲವೇ ಎಂದು ನನ್ನ ಹೆಂಡತಿಗೆ, ತಗಡು ಕಿತ್ತ ವೆಲ್ಡಿಂಗ್‌ನವನ ವಂಶಕ್ಕೆ. ನನಗೆ ಕಾಣುತ್ತಿದ್ದದ್ದು ಅವರ ಗದ್ದ, ಮೂಗುಬೊಟ್ಟಿನ ಕೆಳಭಾಗ, ಮತ್ತು ಪಕ್ಕಕ್ಕೆ ಕಣ್ಣು ಹೊರಳಿಸಿದರೆ, ನೆಲ ಮುಟ್ಟದೆ ಆಡುತ್ತಿದ್ದ ಪಾದಗಳು.

ಹೆಂಡತಿಯ ಫೋನ್ ಬಡಿದುಕೊಂಡಿತು. ಬೇಕರಿಯವರು. ಅವಳ ಕೈಗಳು ನನ್ನ ಕಾಲಿನ ಮೇಲಿದ್ದುದರಿಂದ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಮೇಡಂ, ಕಪ್ಪು ಬೇಕಾ, ಕೆಂಪು ಬೇಕಾ?"

"ಯಾವುದಾದ್ರೂ ತನ್ನಿ!"

"ಕೆಂಪು ಬ್ಯಾಡ," ಎಂದರು ಅಜ್ಜಿ.

"ಅಜ್ಜಿ ಕಪ್ಪು ಅಂತಾರೆ."

"ಸರಿ. ಅಳತೆ ಕೇಳ್ತಾವ್ರೆ. ಸಾರ್ ಸೊಂಟ ಎಷ್ಟು?"

ನನ್ನ ಹೆಂಡತಿ ಅದನ್ನು ಇಡೀ ಗೋಡೌನಿಗೆ ಕೇಳುವಂತೆ ಹೇಳಿದಳು. ಆ ಅಂಕಿಯನ್ನು ಇಲ್ಲಿ ಬರೆಯುವುದು ಅನಗತ್ಯ.

"ಅಷ್ಟಾ?" ಎಂದಿತು ಫೋನು. "ಹಂಗಾದ್ರೆ ಒಂದು ಕಟ್ಟೇ ತರ್ತೀನಿ."

ಅವರು ಬಂದರು. ಗಂಟು ಹಾಕುವುದು ಯಜಮಾನರ ಕೆಲಸವಾಯಿತು. ಆ ಓಣಿಯಲ್ಲಿ ಅವರಷ್ಟು ಚೆನ್ನಾಗಿ ಗಂಟು ಹಾಕುವವರಿಲ್ಲ. ಕುರ್ಚಿಯನ್ನು ಬೇಕರಿಯವರ ಕೈಗೆ ಕೊಟ್ಟು, ಹೊಸ ದಾರವನ್ನು ನನ್ನ ಸೊಂಟದ ಕೆಳಗಿನಿಂದ ತೂರಿಸಿ, ಸುತ್ತಿ, ಎಳೆದು ಬಿಗಿದರು. ಅಜ್ಜಿ ಅಪ್ಪಣೆ ಕೊಟ್ಟರು. ಟೀಚರ್ ಹಳೆಯ ದಾರಕ್ಕೆ ಕತ್ತರಿ ಹಾಕಿದರು. ಎಲ್ಲರೂ ಉಸಿರು ಬಿಟ್ಟರು. ನಾನು ಎದ್ದೆ.

ಏಳಲಿಲ್ಲ. ಅದೇ ಹಿಡಿತ, ಅದೇ ಜಾಗ.

ಟೀಚರ್ ಬಗ್ಗಿ ನೋಡಿದರು. "ಅಣ್ಣಾರ," ಎಂದರು, "ಕಂಬೀನೂ ಸೇರಿಸಿ ಕಟ್ಟೀರಲ್ರಿ."

ಶಾಮಿಯಾನದವರ ಕೈ ಅದು. ಕಂಬ ಸಿಕ್ಕಿದರೆ ಸೇರಿಸಿ ಕಟ್ಟುತ್ತದೆ. ಜೀವನವಿಡೀ ಅವರು ಗಾಳಿ ಮಳೆಗೆ ಬಿಚ್ಚದ ಗಂಟನ್ನೇ ಹಾಕಿದವರು, ಇದೂ ಬಿಚ್ಚುವಂತಿರಲಿಲ್ಲ. ಕಡಿಯೋಣವೆಂದರೆ ಈಗ ನನ್ನ ಮೈಮೇಲಿದ್ದ ಉಡಿದಾರ ಅದೊಂದೇ.

"ಥೂ ನಿನ್ನ!" ಎಂದರು ಅಜ್ಜಿ. "ಮನುಷ್ಯಂಗೂ ಗೂಟಕ್ಕೂ ವ್ಯತ್ಯಾಸ ಗೊತ್ತಿಲ್ವೇನ್ಲಾ?" ಮತ್ತು ನಕ್ಕರು. ಅವರ ಹೊಟ್ಟೆ ಕುಲುಕಿ ನನ್ನ ತಲೆಯೂ ಕುಲುಕಿತು. ಯಜಮಾನರೂ ನಕ್ಕರು, ಕಣ್ಣೊರೆಸಿಕೊಂಡರು. ಎಷ್ಟು ನಗೆ, ಎಷ್ಟು ಬೇರೆ ಏನೋ, ತಲೆಕೆಳಗಾಗಿ ತಿಳಿಯುವುದು ಕಷ್ಟ.

ಬೇಕರಿಯವರು ಕಟ್ಟನ್ನೇ ತಂದಿದ್ದರಿಂದ ಇನ್ನೊಂದಿತ್ತು. ಈ ಸಲ ಟೀಚರ್ ಕಟ್ಟಿದರು. ಕತ್ತರಿ ಆಡಿತು. ನಾನು ಜಾರಿ, ಹೊರಳಿ, ನೆಲಕ್ಕೆ ಬಂದೆ. ಲೋಕ ನೆಟ್ಟಗಾಗಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ತೊಡೆಯ ಮೇಲೆ ತಲೆ ಇಲ್ಲವಾದಾಗ ಅಜ್ಜಿ ಕೆಳಗೆ ನೋಡಿದರು. ತಮ್ಮ ಪಾದ ನೋಡಿದರು. "ಅಯ್ಯೋ ಶಿವನೇ," ಎಂದರು. ಮರುಕ್ಷಣವೇ ಎರಡು ಕೈಯನ್ನು ಸೀಟಿನ ಅಂಚಿಗೆ ಊರಿ, ಮುಂದಕ್ಕೆ ಬಗ್ಗಿ, ಎದ್ದು ನಿಂತರು. ಯಾರೂ ಎತ್ತಲಿಲ್ಲ. ಮಗ ಕೈ ಚಾಚುವುದರೊಳಗೆ ನಿಂತಾಗಿತ್ತು. ಅಜ್ಜಿಗೂ ಅದು ಗಮನಕ್ಕೆ ಬಂತೆಂದು ನಾನು ಹೇಳಬಲ್ಲೆ, ಏಕೆಂದರೆ ಅವರು ತಿರುಗಿ ಆ ಕುರ್ಚಿಯನ್ನು ಒಮ್ಮೆ ನೋಡಿದರು. ಆಮೇಲೆ ಒಳಗೆ ನಡೆದರು.

ಮರುದಿನ ಯಜಮಾನರು ಗೇಟಿನ ಪಕ್ಕ ಮತ್ತೆ ಕುರ್ಚಿ ಇಟ್ಟರು. ಅಜ್ಜಿ ಬಾಗಿ, ಅದರ ಮೇಲೆ ಮೊರ ಇಟ್ಟು ಒಳಗೆ ಹೋದರು. ಯಜಮಾನರು ಸೋತ ಮುಖದಿಂದ ನನ್ನಲ್ಲಿಗೆ ಬಂದರು. ನಾನಿನ್ನೂ ಸೊಂಟ ಮುಟ್ಟಿಕೊಂಡೇ ಓಡಾಡುತ್ತಿದ್ದೆ. ಯೋಗದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ತೀರ್ಮಾನಿಸಿದ್ದೆ.

"ಸಾರ್, ಒಂದೇ ಒಂದ್ಸಲ. ಕೊಕ್ಕೆ ಉಜ್ಜಿಸಿದೀನಿ. ನಿಮ್ಮ ತಲೆ ಇದ್ರೆ ಅವ್ವ ಕೂತ್ಕೋತಾಳೆ."

"ಬೇರೆಯವರ ತಲೆ ಆಗಲ್ವಾ?"

"ಬೇಕರಿಯವ್ರದ್ದು ಇಟ್ಟು ನೋಡ್ದೆ ಸಾರ್. ಎಣ್ಣೆ ಜಾಸ್ತಿ ಅಂದ್ಳು."

ಹೀಗೆ ನಾನು ಯೋಗಕ್ಕೆ ಮರಳಿದೆ. ಬೆಳಿಗ್ಗೆ ನಾನು ಉಡಿದಾರವನ್ನು ಒಳಕ್ಕೆ ಸಿಕ್ಕಿಸಿ, ಅಂಗಿಯನ್ನು ಚಡ್ಡಿಯೊಳಗೆ ತುರುಕಿ, ಕಿಂಡಿಯೊಳಗೆ ಕಾಲು ಹಾಕಿ ಒರಗುತ್ತಿದ್ದೆ. "ಅಜ್ಜಿ, ಸರ್ ತಲಿ ಜೋತೈತ್ರಿ," ಎಂದು ಟೀಚರ್ ಕೂಗುತ್ತಿದ್ದರು. ಅಜ್ಜಿ ಗೊಣಗುತ್ತ ಬಂದು ಕುರ್ಚಿಯ ಮೇಲೆ ಕೂತು ತಲೆ ಹಿಡಿಯುತ್ತಿದ್ದರು. ಅವರ ಪಾದದ ಕೆಳಗೆ ಟೀಚರ್ ಸದ್ದಿಲ್ಲದೆ ಒಂದು ಮಣೆ ಸರಿಸಿಟ್ಟರು. ನೇತಾಡುತ್ತಿದ್ದ ಪಾದಗಳು ಅದನ್ನು ಕಂಡುಕೊಂಡವು. ಆ ದಿನಗಳಲ್ಲಿ ಅಜ್ಜಿ ನನ್ನ ತಲೆಗೆ ಹೇಳಿದ ಕಥೆಗಳೆಷ್ಟೋ. ಮಾವನ ಒಂದೇ ಒಂದು ಕುರ್ಚಿಯನ್ನು ಅವರು ದಿನವೂ ಒರೆಸುತ್ತಿದ್ದರಂತೆ, ಒಮ್ಮೆಯೂ ಕೂರಲಿಲ್ಲವಂತೆ. ಮಾವ ಊರಲ್ಲಿಲ್ಲದ ದಿನ ಒಂದು ಸಲ ಅದರ ಮೇಲೆ ಅಂಗೈ ಊರಿ ನಿಂತಿದ್ದರಂತೆ, ಅಷ್ಟೇ. "ಗಟ್ಟಿ ಇತ್ತು," ಎಂದರು.

ಅವರೆಕಾಯಿಯ ಕಾಲ ಬಂತು. ಒಂದು ಬೆಳಿಗ್ಗೆ ನಾನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಸೂರು ನೋಡುತ್ತಿದ್ದೆ. ಓಣಿಯಲ್ಲಿ, "ಅವರೇಕಾಯ್!" ಎಂಬ ಕೂಗು. ಅಜ್ಜಿಯ ಕೈ ನನ್ನ ಹಣೆಯ ಮೇಲೆ ನಿಂತಿತು. ಕೂಗು ಇನ್ನೊಮ್ಮೆ ಬಂತು, ಸ್ವಲ್ಪ ದೂರದಿಂದ.

"ಏಳಿ ಮೇಷ್ಟ್ರೆ," ಎಂದರು.

"ಆಸನ ಮುಗಿದಿಲ್ಲ ಅಜ್ಜಿ."

"ನಿಮ್ಮ ತಲೆ ಭಾರ. ಏಳಿ ಅಂದ್ರೆ."

ನಾನು ಎದ್ದೆ. ಅವರು ಕೈಯೂರಿ ಎದ್ದರು. ಆ ಬೆನ್ನಿಲ್ಲದ ಕುರ್ಚಿಯನ್ನು ಒಂದು ಕೈಯಲ್ಲಿ ಎಳೆದುಕೊಂಡು, ನೆಲಕ್ಕೆ ಗೀರುತ್ತ, ಗೋಡೌನಿನಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ ಹೋದರು. ನಾವೆಲ್ಲ ಹಿಂದೆ ಹೋದೆವು, ಟೀಚರ್ ಮಣೆ ಹಿಡಿದುಕೊಂಡು. ಮೆತ್ತೆಯ ಕುರ್ಚಿಯ ಮೇಲಿದ್ದ ಮೊರವನ್ನು ಅಜ್ಜಿ ತೆಗೆದುಕೊಂಡು, ಅದರ ಪಕ್ಕ ತಮ್ಮ ಕುರ್ಚಿ ಹಾಕಿ, ಬೀದಿಗೆ ಮುಖ ಮಾಡಿ ಕೂತರು. ತೊಡೆಯ ಮೇಲೆ, ನನ್ನ ತಲೆ ಇರುತ್ತಿದ್ದ ಕಡೆ, ಮೊರ ಇಟ್ಟುಕೊಂಡರು.

"ಬಾರವ್ವ ಇಲ್ಲಿ!" ಎಂದು ಅವರೆಕಾಯಿಯವಳನ್ನು ಕೂಗಿದರು. "ಯಾವೂರು ನಿಂದು? ಬೆಳಿಗ್ಗೆ ಏನು ತಿಂದೆ?"

ಯಜಮಾನರು ಮೆತ್ತೆಯ ಕುರ್ಚಿಯತ್ತ ಕೈ ತೋರಿಸಿ, ಅದಕ್ಕೆ ಬೆನ್ನಿದೆ, ಒರಗಬಹುದು ಎಂದು ಹೇಳಲು ಹೊರಟರು. ನನ್ನ ಹೆಂಡತಿ ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಇದನ್ನು ನಾನು ನೆಟ್ಟಗೆ ನಿಂತು ನೋಡಿದೆ.